ಮಾವ ಹೊಲಿದ ಕಂಪ್ಯೂಟರ್

ನನ್ನ ಸೋದರಮಾವ ಸೋಫಾ ರಿಪೇರಿ ಮಾಡುವವರು. ಮೂವತ್ತೈದು ವರ್ಷದ ಈ ಕಸುಬು ಅವರಿಗೊಂದು ಚಾಳಿ ಅಂಟಿಸಿದೆ. ಎಲ್ಲಾದರೂ ಒಂದು ಎಳೆ ಜೋತಾಡುವುದು ಕಂಡರೆ ಕೈ ಸುಮ್ಮನಿರುವುದಿಲ್ಲ. ಮೇಣ ಸವರಿದ ದಾರದ ಉಂಡೆ ಸದಾ ಜೇಬಿನಲ್ಲಿರುತ್ತದೆ. ಒಮ್ಮೆ ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನನ್ನ ಕೈಚೀಲದ ಹಿಡಿಯನ್ನು ಹೊಲಿದುಕೊಟ್ಟರು. ಅದು ಹರಿದೇ ಇರಲಿಲ್ಲ.

ಅತ್ತೆಯ ಕೆಲಸ ಇದಕ್ಕೆ ತದ್ವಿರುದ್ಧ. ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಮಾವನದು ಮನೆಯ ಮುಂದಿನ ಕೋಣೆ, ಅತ್ತೆಯದು ಹಿಂದಿನದು, ನಡುವೆ ಒಂದೇ ಗೋಡೆ. ಅತ್ತೆ ತಮ್ಮ ಬಾಗಿಲಿಗೆ ಕೆಂಪು ಬಟ್ಟೆ ತೂಗುಹಾಕಿದರೆ ಮಾವ ಸುತ್ತಿಗೆ ಎತ್ತುವಂತಿಲ್ಲ ಎಂಬುದು ಮನೆಯ ಕಾನೂನು. ಮಾವ ಅದನ್ನು ದಿನಕ್ಕೆರಡು ಸಲ ಮರೆಯುತ್ತಿದ್ದರು. ಒಳಗಿನಿಂದ "ಶುರುವಾಯ್ತು" ಎಂಬ ಗೊಣಗಾಟ ಕೇಳಿದ ಮೇಲೆಯೇ ನೆನಪಾಗುವುದು.

ಒಂದು ಭಾನುವಾರ ಬೆಳಿಗ್ಗೆ ಮಾವ ಫೋನು ಮಾಡಿದರು.

"ಕಂಪ್ಯೂಟರಲ್ಲಿ ಎರಡು ಡ್ರೈವ್ ಕಾಣಿಸ್ತಿಲ್ಲ. ಸ್ವಲ್ಪ ಬಂದು ಹೋಗ್ತೀಯಾ? ನಿಮ್ಮತ್ತೆ ಹೊರಗೆ ಹೋಗಿದಾಳೆ, ಮಧ್ಯಾಹ್ನದೊಳಗೆ ಬಂದ್ಬಿಡ್ತಾಳೆ."

ನಾನು ಜೆರಾಕ್ಸ್ ಅಂಗಡಿ ನಡೆಸುವವಳು. ಯಂತ್ರದಲ್ಲಿ ಸಿಕ್ಕಿಕೊಂಡ ಕಾಗದ ಎಳೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ಬಂಧುಬಳಗವೆಲ್ಲ ಸೇರಿ ನನಗೆ ಕಂಪ್ಯೂಟರ್ ಡಾಕ್ಟರ್ ಪಟ್ಟ ಕಟ್ಟಿದೆ. ಬೇಡವೆಂದರೆ ಯಾರು ಕೇಳುತ್ತಾರೆ? ಹೋದೆ.

ಕಂಪ್ಯೂಟರ್ ಎಂದಿನಂತೆ ತೆರೆದುಕೊಂಡಿತು. ಆದರೆ ಅತ್ತೆಯ ಓದು ಇದ್ದ ಎರಡು ಹಾರ್ಡ್ ಡ್ರೈವುಗಳು ನಾಪತ್ತೆ. ಒಂದರಲ್ಲಿ ಮೂಲ, ಇನ್ನೊಂದರಲ್ಲಿ ಅದರ ನಕಲು. ಒಂದು ಕೈಕೊಟ್ಟರೂ ಇನ್ನೊಂದಿರಲಿ ಎಂದು ಅತ್ತೆ ಮಾಡಿಕೊಂಡ ಏರ್ಪಾಡು. ಮೂರು ತಿಂಗಳು ಗಂಟಲು ಒಣಗಿಸಿಕೊಂಡು ಓದಿದ ಇತಿಹಾಸದ ಪುಸ್ತಕ ಅವುಗಳಲ್ಲೇ ಇತ್ತು. ಸೋಮವಾರ ಶಾಲೆಗೆ ಮುಟ್ಟಿಸಬೇಕು, ಮಕ್ಕಳ ಪರೀಕ್ಷೆಗೆ ಉಳಿದಿದ್ದು ಇಪ್ಪತ್ತೇ ದಿನ.

"ನೀವೇನಾದ್ರೂ ಮುಟ್ಟಿದ್ರಾ ಮಾವ?"

"ನಾನ್ಯಾಕೆ ಮುಟ್ಟಲಿ," ಎಂದರು ಮಾವ, ಫ್ಯಾನನ್ನು ನೋಡುತ್ತ.

ಕಂಪ್ಯೂಟರಿನ ಸೆಟ್ಟಿಂಗುಗಳೊಳಗೆಲ್ಲ ಹುಡುಕಿದೆ. ಆರಿಸಿ ಹಚ್ಚಿದೆ. ಅದು ಎದ್ದೇಳುವಾಗ ತೋರಿಸುವ ಪಟ್ಟಿಯಲ್ಲೂ ಡ್ರೈವುಗಳ ಸುಳಿವಿಲ್ಲ. ಹಾಗಾದರೆ ತೊಂದರೆ ಒಳಗಿನ ಕಡತಗಳದ್ದಲ್ಲ. ಎರಡು ಡ್ರೈವುಗಳು ಮಾತಾಡಿಕೊಂಡು ಒಂದೇ ದಿನ ಸಾಯುವುದೂ ಇಲ್ಲ. ಎರಡಕ್ಕೂ ಸೇರಿದ್ದೇನೋ ಕೆಟ್ಟಿರಬೇಕು. ಕರೆಂಟು ತೆಗೆಸಿ, ಸ್ಕ್ರೂ ಬಿಚ್ಚಿ, ಪೆಟ್ಟಿಗೆಯ ಪಕ್ಕದ ತಗಡು ಕಳಚಿದೆ.

ಒಳಗೆ ಒಂದು ಚೂರು ಧೂಳಿರಲಿಲ್ಲ. ಅಷ್ಟೂ ವೈರುಗಳನ್ನು ಸಾಲಾಗಿ ಜೋಡಿಸಿ, ಮೇಣದ ದಾರದಿಂದ ಬೆರಳಗಲಕ್ಕೊಂದರಂತೆ ಗಂಟು ಹಾಕಿ, ತಗಡಿನ ತೂತುಗಳಿಗೆ ಎಳೆದು ಬಿಗಿಯಲಾಗಿತ್ತು. ಸೋಫಾದ ಬೆನ್ನಿಗೆ ಹಾಕುವ ಅದೇ ಹೊಲಿಗೆ. ನಾನು ಮಾವನ ಮುಖ ನೋಡಿದೆ. ಅವರು ಇಂಗು ತಿಂದ ಮಂಗನಂತೆ ನಿಂತಿದ್ದರು.

"ಧೂಳು ಒರೆಸೋಣ ಅಂತ ಬಿಚ್ಚಿದೆ ಕಣೇ. ನೋಡಿದ್ರೆ ವೈರೆಲ್ಲ ಕರುಳಿನ ಹಾಗೆ ನೇತಾಡ್ತಿತ್ತು. ಹಾಗೇ ಹೇಗೆ ಬಿಡಲಿ?"

ಬೈಯಬೇಕೆಂದುಕೊಂಡೆ, ನಗು ಬಂದುಬಿಟ್ಟಿತು. ಎರಡೂ ಡ್ರೈವುಗಳಿಗೆ ಕರೆಂಟು ಹೋಗುತ್ತಿದ್ದುದು ಒಂದೇ ವೈರಿನಲ್ಲಿ. ಮಾವ ಬಿಗಿದ ರಭಸಕ್ಕೆ ಅದರ ಬುಡದ ಪ್ಲಗ್ಗು ಉಗುರಿನಷ್ಟು ಹೊರಗೆ ಬಂದಿತ್ತು. ಮಾವ ಕತ್ತರಿ ತಂದು ತಮ್ಮದೇ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದರು. ಪ್ರತಿ ಗಂಟಿಗೂ ಒಂದು ನಿಟ್ಟುಸಿರು. ನಾನು ಪ್ಲಗ್ಗು ಒತ್ತಿ ಕೂರಿಸಿ ಕಂಪ್ಯೂಟರ್ ಹಚ್ಚಿದೆ. ಮಾವ ಡ್ರೈವುಗಳ ಮೇಲೆ ಅಂಗೈ ಇಟ್ಟರು.

"ನಡುಗ್ತಿದೆ. ಜೀವ ಬಂತು," ಎಂದರು.

ಪರದೆಯ ಮೇಲೆ ಎರಡೂ ಡ್ರೈವುಗಳು ಮೂಡಿದವು. ಕಡತಗಳೆಲ್ಲ ಕ್ಷೇಮವೇ ಎಂದು ನೋಡುತ್ತ ಹೋದೆ. ಇತಿಹಾಸದ ಅಧ್ಯಾಯಗಳು ಸಾಲಾಗಿ ಕೂತಿದ್ದವು. ಅವುಗಳ ಕೆಳಗೆ 'ಸುತ್ತಿಗೆ' ಎಂಬ ಹೆಸರಿನ ಇನ್ನೊಂದು ಫೋಲ್ಡರು. ಒಳಗೆ ಮುನ್ನೂರಕ್ಕೂ ಹೆಚ್ಚು ಧ್ವನಿ ತುಣುಕುಗಳು. ಮೊದಲನೆಯದನ್ನು ಒತ್ತಿದೆ. ಅತ್ತೆ ಯಾವುದೋ ರಾಜನ ಯುದ್ಧ ಓದುತ್ತಿದ್ದರು. ನಡುವೆ ಗೋಡೆಯಾಚೆಯಿಂದ ಟಕ್ ಟಕ್, ಜೊತೆಗೆ ಮಾವನ ಅಪಸ್ವರದ ಗುನುಗು. "ಶುರುವಾಯ್ತು" ಎಂದರು ಅತ್ತೆ. ಆಮೇಲೆ ಬಾಯಿ ಮುಚ್ಚಿಕೊಂಡು ನಕ್ಕ ಸದ್ದು. ಆ ನಗು ಗೋಡೆ ದಾಟಿ ಯಾವತ್ತೂ ಮಾವನ ಕಿವಿಗೆ ಬಿದ್ದಿರಲಿಲ್ಲ.

ಹಿಂದೆ ಚಪ್ಪಲಿ ಸದ್ದಾಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನೇನೋ ಸುಳ್ಳು ಹೊಸೆಯುವಷ್ಟರಲ್ಲಿ ಮಾವನೇ ಬಾಯಿಬಿಟ್ಟರು.

"ನಾನೇ ಕಣೇ ಹೊಲಿದು ಹಾಳು ಮಾಡಿದ್ದು. ಈಗ ಸರಿಯಾಯ್ತು."

ಅತ್ತೆ ನೆಲದ ಮೇಲಿದ್ದ ದಾರದ ತುಂಡುಗಳನ್ನು ನೋಡಿದರು, ಪರದೆಯನ್ನು ನೋಡಿದರು. ಕಿವಿ ಕೆಂಪಾಯಿತು.

"ಕೆಟ್ಟುಹೋದ ಓದು ಅದು. ಅಳಿಸ್ಬೇಕು ಅಂತ ಪ್ರತಿ ಸಲ ಅಂದ್ಕೊಳ್ತೀನಿ, ಕೈ ಬರಲ್ಲ," ಎಂದು ನಮ್ಮಿಬ್ಬರನ್ನೂ ಹೊರಗೆ ಅಟ್ಟಿದರು. ಇತಿಹಾಸದ ಕೊನೆಯ ಅಧ್ಯಾಯ ಓದುವುದು ಇನ್ನೂ ಬಾಕಿಯಿತ್ತು. ಬಾಗಿಲಿಗೆ ಕೆಂಪು ಬಟ್ಟೆ ಬಿತ್ತು.

ಮಾವ ಮುಂದಿನ ಕೋಣೆಯಲ್ಲಿ ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕೆಮ್ಮು ಬಂದರೂ ನುಂಗಿದರು. ಹತ್ತು ನಿಮಿಷವಾಗಿರಬಹುದು, ಅತ್ತೆ ಬಾಗಿಲು ತೆರೆದು ಇಣುಕಿದರು.

"ಅದೇನು ಅಷ್ಟೊಂದು ಸುಮ್ಮನೆ ಕೂತಿದೀರಿ? ನನಗೆ ಓದೋಕೇ ಆಗ್ತಿಲ್ಲ."