ಮುದುಕಮ್ಮ ಉಪ್ಪು ನೋಡದೆ ಅಖ್ತರಬೇಗಂ ತಟ್ಟೆ ಹಾಕುವುದಿಲ್ಲ

ಸೂರ್ಯ ಇನ್ನೂ ಮೂಡಿಲ್ಲ. ಸಿಂಧನೂರು ಬಸ್ ನಿಲ್ದಾಣದ ಹೊರಗೋಡೆಗೆ ಒತ್ತಿ ನಿಂತ ತಳ್ಳುಗಾಡಿಯ ಹಿಂದೆ ಅಖ್ತರಬೇಗಂ ತೋಳು ಮೇಲೇರಿಸಿ, ನೀರಿನಲ್ಲಿ ನೆನೆದ ಮಂಡಾಳನ್ನು ಎರಡೂ ಅಂಗೈ ನಡುವೆ ಹಿಡಿದು ಹಿಂಡುತ್ತಿದ್ದಾರೆ. ಬೇರೆ ಕಡೆ ಮಂಡಕ್ಕಿ, ಕಡ್ಲೆಪುರಿ ಎನ್ನುವುದು ಈ ಸೀಮೆಯಲ್ಲಿ ಮಂಡಾಳು, ಅದರಿಂದ ಮಾಡುವ ತಿಂಡಿಗೆ ಒಗ್ಗರಣೆ ಎಂದೇ ಹೆಸರು. ಹೆಚ್ಚು ಹಿಂಡಿದರೆ ಮುದ್ದೆಯಾಗುತ್ತದೆ, ಕಡಿಮೆ ಹಿಂಡಿದರೆ ತಟ್ಟೆಯಲ್ಲಿ ನೀರು ಬಿಡುತ್ತದೆ. ಪಕ್ಕದ ಬಾಣಲೆಯಲ್ಲಿ ಸಾಸಿವೆ ಸಿಡಿದು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಬಾಡಿ, ಅರಿಶಿನ ಬಿದ್ದು, ಹುಣಸೆ ರಸ ಕುದಿಯುತ್ತಿದೆ. ಮಂಡಾಳು ಅದರೊಳಗೆ ಹೊರಳಿ ಹಳದಿಯಾಗಿ, ಮೇಲೆ ಹುರಿಗಡಲೆಯ ಪುಟಾಣಿ ಹಿಟ್ಟು ಉದುರುವ ಹೊತ್ತಿಗೆ ಲಿಂಗಸುಗೂರಿನ ಮೊದಲ ಬಸ್ಸಿನ ಕಂಡಕ್ಟರ್ ವಾಸನೆಯ ಜಾಡು ಹಿಡಿದು ಬಂದು ನಿಂತಿದ್ದಾರೆ.

ಆದರೆ ತಟ್ಟೆ ಇನ್ನೂ ಸಿಗುವುದಿಲ್ಲ.

“ಯಕ್ಕಾ, ಉಪ್ಪು ನೋಡು,” ಎನ್ನುತ್ತಾರೆ ಅಖ್ತರಬೇಗಂ.

ಗಾಡಿಯ ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಪುಂಡಿಪಲ್ಲೆ, ಮೆಂತೆ, ಕೊತ್ತಂಬರಿ ಹರವಿಕೊಂಡು ಕೂತ ಮುದುಕಮ್ಮ ಅಂಗೈ ಚಾಚುತ್ತಾರೆ. ನಾಲ್ಕು ಕಾಳು ಬೀಳುತ್ತವೆ. ಅವರು ಕಣ್ಣು ಮುಚ್ಚಿ, ಅವಸರವೇ ಇಲ್ಲದೆ ಜಗಿಯುತ್ತಾರೆ.

“ಲಗೂನ ಹೇಳಬೇ ಯಮ್ಮಾ, ಗಾಡಿ ಹೊಂಡೂ ಹೊತ್ತಾತು,” ಎನ್ನುತ್ತಾರೆ ಕಂಡಕ್ಟರ್.

“ನೀ ಸೀಟಿ ಹೊಡದ್ರ ತಾನ ಅದು ಹೊಂಡೂದು? ಸುಮ್ನ ನಿಂದ್ರು.” ಮುದುಕಮ್ಮ ಕಣ್ಣು ತೆರೆಯುತ್ತಾರೆ. “ಹ್ಞೂಂ. ಸಾಕು ಬೇ.”

ಇದು ರಂಜಾನ್ ತಿಂಗಳು. ಅಖ್ತರಬೇಗಂ ನಸುಕಿನ ಸಹರಿ ಉಂಡು, ನಮಾಜು ಮುಗಿಸಿ ಗಾಡಿ ತಳ್ಳಿಕೊಂಡು ಬಂದಿದ್ದಾರೆ. ಇನ್ನು ಸಂಜೆಯವರೆಗೆ ಗುಟುಕು ನೀರೂ ಇಲ್ಲ. ಮಾಡುವ ಅಡುಗೆಯ ರುಚಿ ನೋಡುವಂತಿಲ್ಲ. “ನಾಲಿಗಿ ತುದಿಗೆ ಹಚ್ಚಿ ಉಗುಳಿದ್ರ ರೋಜಾ ಮುರಿಯಂಗಿಲ್ಲ ಅನ್ನವ್ರು ಅದಾರ್ರಿ. ನನಗ ಮನಸ್ಸು ಒಪ್ಪಂಗಿಲ್ಲ,” ಎನ್ನುತ್ತಾರೆ. ಹಾಗಿದ್ದರೆ ಈ ಒಂದು ತಿಂಗಳು ಗಾಡಿ ನಿಲ್ಲಿಸಬಹುದಲ್ಲ ಎಂದರೆ ಅವರ ಉತ್ತರ ಸಿದ್ಧವಿದೆ. “ರೋಜಾ ನಂದು, ಹಸಿವಿ ಅವ್ರದು. ಪಾಮನಕಲ್ಲೂರು ಕಡೆ ಮೆಣಸಿನಕಾಯಿ ಬಿಡಸಾಕ ಹೋಗೋ ಹೆಣ್ಮಕ್ಕಳು ನಸಿಕಿನ್ಯಾಗ ಎದ್ದು ಬಂದಿರ್ತಾರ. ನಾ ಒಲಿ ಹಚ್ಚಲಿಲ್ಲಂದ್ರ ಖಾಲಿ ಹೊಟ್ಟಿಲೆ ಟಂಟಂ ಆಟೋ ಹತ್ತತಾರ.”

ಸಿಂಧನೂರಿನಲ್ಲಿ ಒಳ್ಳೆಯ ಒಗ್ಗರಣೆ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ನಾಲ್ಕು ಜನ ಐದು ಕಡೆ ಕೈ ತೋರಿಸುತ್ತಾರೆ. ಮಸ್ಕಿಯವರನ್ನು ಕೇಳಿದರೆ ಸಿಂಧನೂರಿಗೆ ಯಾಕೆ ಹೋಗಬೇಕು ಎಂದು ತಿರುಗಿ ಕೇಳುತ್ತಾರೆ. ಲಿಂಗಸುಗೂರಿನವರು ಒಗ್ಗರಣೆಯ ಮಾತು ಬಿಟ್ಟು ಜೊತೆಗೆ ಬರುವ ಮಿರ್ಚಿ ಬಜ್ಜಿಯ ಮೇಲೆ ವಾದಕ್ಕಿಳಿಯುತ್ತಾರೆ. ಈ ಮೂರೂ ಊರುಗಳ ನಡುವೆ ದಿನವೂ ಓಡಾಡುವ ಡ್ರೈವರು, ಕಂಡಕ್ಟರು, ಟಂಟಂನವರು ಮಾತ್ರ ವಾದ ಮಾಡುವುದಿಲ್ಲ. ಅವರು ಹಲಗೆಯಿಲ್ಲದ, ಹೆಸರಿಲ್ಲದ ಈ ಗಾಡಿಯ ಮುಂದೆ ಬಂದು ನಿಲ್ಲುತ್ತಾರೆ. ದಿನಕ್ಕೆ ಒಂದು ಚೀಲ ಮಂಡಾಳು, ಸಂತೆಯ ದಿನ ಎರಡು. ಹೊತ್ತು ಏರುವುದರೊಳಗೆ ಬುಟ್ಟಿ ಖಾಲಿ.

ಅಖ್ತರಬೇಗಂ ಹುಟ್ಟಿದ್ದು ಮಸ್ಕಿಯಲ್ಲಿ. ಗಂಡ ನಾಸೀರ್ ಇಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿಯಾಗಿದ್ದರು. ಭತ್ತದ ಚೀಲ ಹೊರುವಾಗ ಒಮ್ಮೆ ಕಾಲು ಜಾರಿ ಬೆನ್ನು ಹಿಡಿದದ್ದು ಬಿಡಲೇ ಇಲ್ಲ. ಈಗ ಅದೇ ಗಿರಣಿಯ ಗೇಟಿನಲ್ಲಿ ಕೂತು ಕಾಯುವ ಕೆಲಸ ಅವರದು. ಬೆನ್ನು ಹಿಡಿದ ವರ್ಷವೇ ಅಖ್ತರಬೇಗಂ ಬಾಡಿಗೆ ಗಾಡಿ ತಂದು ಇಲ್ಲಿ ನಿಲ್ಲಿಸಿದ್ದು. ಮನೆಯಲ್ಲಿ ಆರು ಜನಕ್ಕೆ ಮಾಡುತ್ತಿದ್ದ ಕೈ ಬುಟ್ಟಿಗಟ್ಟಲೆ ಮಾಡಲು ಹೋಗಿ ಮೊದಲ ದಿನವೇ ಎಡವಿತು. ಮಂಡಾಳು ನೀರುನೀರಾಯಿತು. ಅವತ್ತು ಮೊದಲ ತಟ್ಟೆ ತೆಗೆದುಕೊಂಡವರು ದಢೇಸುಗೂರಿನಿಂದ ಪಲ್ಲೆ ತರುವ ಈ ಮುದುಕಮ್ಮ.

“ಒಂದು ತುತ್ತು ಬಾಯಾಗ ಇಟ್ಕೊಂಡು ಏನಂದಳು ಕೇಳ್ರಿ,” ಎಂದು ಅಖ್ತರಬೇಗಂ ಈಗಲೂ ನಗುತ್ತಾರೆ. “‘ಇದಕ್ಕ ಪ್ಲೇಟ್ ಯಾಕ ಬೇ, ಗಿಲಾಸಿನ್ಯಾಗ ಹಾಕಿ ಕೊಡು, ಕುಡೀತೀನಿ’ ಅಂದಳು. ನನಗ ಅಳು ಬಂತು. ಆದ್ರ ಪ್ಲೇಟ್ ಪೂರಾ ಖಾಲಿ ಮಾಡಿ ಕೊಟ್ಟಳು. ಮರದಿನ ಮತ್ತ ಬಂದಳು.”

ಆ ವರ್ಷದ ರಂಜಾನ್ ಬಂದಾಗ ಯಾರೂ ಹೇಳದೆಯೇ ಮುದುಕಮ್ಮ ಅಂಗೈ ಚಾಚಿದರು. ಅಲ್ಲಿಂದ ಪ್ರತಿ ರಂಜಾನಿನಲ್ಲೂ ಗಾಡಿಯ ನಾಲಿಗೆ ಅವರದೇ.

ಇಷ್ಟು ವರ್ಷ ಮಾಡಿದ ಕೈಗೆ ಉಪ್ಪಿನ ಅಳತೆ ತಿಳಿಯದೇ ಎಂದು ಅನ್ನಿಸಬಹುದು. ತಿಳಿಯುತ್ತದೆ, ಆದರೆ ಮಂಡಾಳು ಭಟ್ಟಿಯಲ್ಲಿ ಹುರಿಯುವಾಗಲೇ ಉಪ್ಪುನೀರು ಕುಡಿದು ಬಂದಿರುತ್ತದೆ. ಒಂದು ಚೀಲದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ನೆನೆಸಿದಾಗ ಎಷ್ಟು ತೊಳೆದು ಹೋಯಿತು, ಎಷ್ಟು ಉಳಿಯಿತು ಎಂಬುದು ಬಾಯಿಗೆ ಬಿದ್ದ ಮೇಲೆಯೇ ಗೊತ್ತಾಗುವುದು. ಹಾಗಾಗಿ ಅಖ್ತರಬೇಗಂ ಮೊದಲು ಕೈ ಬಿಗಿ ಹಿಡಿದು ಹಾಕುತ್ತಾರೆ. ಮುದುಕಮ್ಮ ‘ಇನ್ನೊಂದೀಟು’ ಎಂದರೆ ಇನ್ನೊಂದಿಷ್ಟು, ‘ಸಾಕು’ ಎಂದರೆ ಅಲ್ಲಿಗೆ ಮುಗಿಯಿತು.

ಈ ವರ್ಷ ಆ ‘ಸಾಕು’ ಬೇಗ ಬರತೊಡಗಿತು. ಮೊದಲ ವಾರ ಅಖ್ತರಬೇಗಂ ಅದನ್ನು ಗಮನಿಸಲಿಲ್ಲ. ತಟ್ಟೆಗಳಲ್ಲಿ ಒಗ್ಗರಣೆ ಉಳಿದು ಬರುವುದನ್ನು ಕಂಡರು, ಬಿಸಿಲಿಗೆ ಜನಕ್ಕೆ ತಿನ್ನಲು ಆಗುತ್ತಿಲ್ಲ ಎಂದುಕೊಂಡರು. ದಿನವೂ ಬರುವವರಲ್ಲಿ ಕೆಲವರು ರಸ್ತೆಯಾಚೆ ಹೊಸದಾಗಿ ನಿಂತ ಗಾಡಿಯ ಕಡೆ, ಇತ್ತ ಮುಖ ಹಾಕದೆ ದಾಟಿ ಹೋದರು. ಅದೂ ಹೊಸದರ ಆಸೆ ಎಂದುಕೊಂಡರು. ಆದರೆ ಒಂದು ಬೆಳಿಗ್ಗೆ ಮಸ್ಕಿ ಹಾದಿಯಲ್ಲಿ ಟಂಟಂ ಓಡಿಸುವ ದುರುಗೇಶನ ಸುತ್ತ ಕೂಲಿ ಹೆಂಗಸರು ತಟ್ಟೆ ಒಡ್ಡಿಕೊಂಡು ನಿಂತಿದ್ದರು. ಆತ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಒಬ್ಬೊಬ್ಬರ ತಟ್ಟೆಗೂ ಏನೋ ಉದುರಿಸುತ್ತಿದ್ದ.

“ಏನೋ ಅದು ದುರುಗೇಶ?”

“ಏನಿಲ್ಲ ಚಾಚಿ. ಹಲ್ಲುಪುಡಿ.”

“ಒಗ್ಗರಣಿ ಮ್ಯಾಲ ಹಲ್ಲುಪುಡಿ ಹಾಕ್ಕೊಂತೀರೇನು?”

ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ದುರುಗೇಶ ತಲೆ ತಗ್ಗಿಸಿದ. “ಉಪಾಸ ಇದ್ದು ಮಾಡಿ ಹಾಕಾಕಿ ಮುಂದ ಉಪ್ಪಿಲ್ಲ ಅಂತ ಹೆಂಗ ಹೇಳೂದು ಚಾಚಿ? ಮುದುಕಮ್ಮ ಬ್ಯಾರೆ ಅಲ್ಲೇ ಕುಂತಿರ್ತಾಳ.”

ಮುದುಕಮ್ಮನ ‘ಸಾಕು’ ಬೇಗ ಬರುತ್ತಿದೆ ಎಂದು ಅಖ್ತರಬೇಗಂಗೆ ಅವತ್ತು ಹೊಳೆಯಿತು. ಇಷ್ಟು ವರ್ಷ ಕಟ್ಟಿದ ರುಚಿ ಕೈ ಬಿಟ್ಟು ಹೋಗುತ್ತಿತ್ತು. ಅದನ್ನು ಹಿಡಿದುಕೊಳ್ಳಬೇಕೆಂದರೆ ಉಪ್ಪು ನೋಡಲು ಬೇರೆ ಯಾರನ್ನಾದರೂ ಕರೆಯಬೇಕು. ಮುದುಕಮ್ಮನ ಕಣ್ಣೆದುರೇ ಕರೆಯಬೇಕು. “ಎರಡರಾಗ ಒಂದು ಹೋಗೂದ ಖರೆ ಅನ್ಸಾಕತ್ತಿತ್ರಿ,” ಎನ್ನುತ್ತಾರೆ. “ರುಚಿ ಹೋದ್ರ ಹೊಟ್ಟಿಗಿ ಹೊಡತ. ಆಕಿ ಹೋದ್ರ ನಾ ಇಲ್ಲಿ ಯಾರ ಮಕ ನೋಡಿ ಒಲಿ ಹಚ್ಚಲಿ?”

ಕಾರಣ ತಿಳಿದದ್ದು ಎರಡು ದಿನ ಬಿಟ್ಟು, ಮುದುಕಮ್ಮನ ಸೊಸೆ ಸುರೇಖಾ ಬಂದಾಗ. ಅತ್ತೆ ಮರೆತು ಬಂದ ಗುಳಿಗೆ ಕೊಡಲು ಬಂದವಳು, ಅತ್ತೆಯ ಅಂಗೈಯಲ್ಲಿ ಒಗ್ಗರಣೆ ಕಂಡು ಅಲ್ಲೇ ನಿಂತಳು.

“ಅತ್ತಿ, ಉಪ್ಪು ಮುಟ್ಟಬ್ಯಾಡ ಅಂತ ಡಾಕ್ಟರು ಹೇಳಿದ್ದು ಮರತೇನು? ನಾ ಅಲ್ಲಿ ಸಪ್ಪನ ಪಲ್ಲೆ ಮಾಡಿ ಮಾಡಿ ನಿನ್ನ ಮಗನ ಕಡಿಂದ ಬೈಸಿಕೊಳ್ಳಾಕತ್ತೀನಿ. ನೀ ಇಲ್ಲಿ ಹಬ್ಬ ಮಾಡಾಕತ್ತಿ.”

ದೀಪಾವಳಿಯಿಂದ ಮುದುಕಮ್ಮನಿಗೆ ಬಿಪಿ. ಮನೆಯಲ್ಲಿ ಉಪ್ಪು ಬಹುತೇಕ ಬಂದ್. ತಿಂಗಳುಗಟ್ಟಲೆ ಸಪ್ಪೆ ಉಂಡ ನಾಲಿಗೆಗೆ ನಾಲ್ಕು ಕಾಳಿನ ಉಪ್ಪೂ ತುಂಬಾ ಅನ್ನಿಸುತ್ತಿತ್ತು. ಅವರು ಹೇಳಿದ ‘ಸಾಕು’ ಸುಳ್ಳಾಗಿರಲಿಲ್ಲ. ಅವರಿಗೆ ನಿಜವಾಗಿ ಸಾಕಾಗುತ್ತಿತ್ತು.

“ನನಗ ಯಾಕ ಹೇಳಲಿಲ್ಲ ಯಕ್ಕಾ?” ಎಂದು ಅಖ್ತರಬೇಗಂ ಕೇಳಿದರು.

ಮುದುಕಮ್ಮ ಮೆಂತೆಯ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದರು. “ಹೇಳಿದ್ರ ನೀ ಕೈಯಾಗ ಹಾಕ್ತಿದ್ದೇನು? ದಿನಕ್ಕ ಅದೊಂದ ಉಪ್ಪಿನ ತುತ್ತು ಬೇ ನಂದು.”

ಸುರೇಖಾ ಗುಳಿಗೆ ಅತ್ತೆಯ ಕೈಗಿಟ್ಟು, “ಕಾಳು ನಾಲ್ಕ ಹಾಕ್ರಿ ಚಾಚಿ, ತುತ್ತು ಬ್ಯಾಡ. ಪ್ಲೇಟಂತೂ ಬ್ಯಾಡೇ ಬ್ಯಾಡ,” ಎಂದಳು. ಅಲ್ಲಿಯವರೆಗೆ ಮುದುಕಮ್ಮ ಉಪ್ಪು ನೋಡುವ ನೆಪದಲ್ಲಿ ಕೆಲವೊಮ್ಮೆ ಅರ್ಧ ತಟ್ಟೆಯನ್ನೇ ಮುಗಿಸುತ್ತಿದ್ದರು ಎಂಬುದನ್ನು ಅಖ್ತರಬೇಗಂ ಸೊಸೆಯ ಮುಂದೆ ಹೇಳಲಿಲ್ಲ.

ಹಲ್ಲುಪುಡಿಯ ತಪ್ಪಿಗೆ ಪ್ರಾಯಶ್ಚಿತ್ತ ಎಂಬಂತೆ ದುರುಗೇಶ ತಾನೇ ಉಪ್ಪು ನೋಡುತ್ತೇನೆ ಎಂದು ಬಂದ. “ನಿನ್ನ ನಾಲಿಗಿಗೆ ಗುಟ್ಕಾ ಬಿಟ್ರ ಬ್ಯಾರೆ ರುಚಿ ಗೊತ್ತೈತೇನೋ?” ಎಂದು ಅಖ್ತರಬೇಗಂ ಕಳಿಸಿಬಿಟ್ಟರು. ಅವರು ಹಿಡಿದದ್ದು ಬೇರೆ ದಾರಿ. ಎಂದಿನಂತೆ ಮುದುಕಮ್ಮನ ಅಂಗೈಗೆ ನಾಲ್ಕು ಕಾಳು ಹಾಕಿ ಕೇಳುತ್ತಾರೆ. ಅವರು ‘ಸಾಕು’ ಎಂದು ಪಲ್ಲೆಯ ಕಡೆ ಹೊರಳಿದ ಮೇಲೆ, ಸದ್ದಿಲ್ಲದೆ ಇನ್ನೊಂದು ಸಣ್ಣ ಹಿಡಿ ಉಪ್ಪು ಬಾಣಲೆಗೆ ಬೀಳುತ್ತದೆ. “ಆಕಿ ನಾಲಿಗಿ ತಪ್ಪು ಹೇಳಂಗಿಲ್ರಿ. ಯಾವ ಚೀಲದಾಗ ಹೆಚ್ಚೈತಿ, ಯಾವುದರಾಗ ಕಮ್ಮಿ ಐತಿ, ಈಗೂ ಆಕಿಗೇ ಗೊತ್ತಾಗ್ತದ. ಎಲ್ಲಾದಕ್ಕೂ ಒಂದೀಟು ಮೊದಲ ಸಾಕಂತಾಳ, ಅಷ್ಟ. ಅದರ ಮ್ಯಾಲಿಂದು ನಾ ನೋಡ್ಕೊಂತೀನಿ. ಆಕಿಗೆ ಗೊತ್ತಿಲ್ಲ.”

ರಸ್ತೆ ದಾಟಿ ಹೋದವರು ಒಬ್ಬೊಬ್ಬರಾಗಿ ಮರಳಿದ್ದಾರೆ. ದುರುಗೇಶನ ಜೇಬು ಖಾಲಿಯಾಗಿದೆ. ಮುಂದೇನು ಆಸೆ ಎಂದರೆ ಅಖ್ತರಬೇಗಂ ಗಾಡಿಯ ಮೇಲಿನ ಹರಿದ ತಾಡಪತ್ರಿ ತೋರಿಸುತ್ತಾರೆ. ಅಲ್ಲೊಂದು ತಗಡು ಹಾಕಿಸಬೇಕು. ಗಾಡಿಗಿಂತ ಸ್ವಲ್ಪ ಉದ್ದದ್ದೇ ಇರಲಿ, ಮುದುಕಮ್ಮನ ಪಲ್ಲೆ ಬಿಸಿಲಿಗೆ ಬಾಡುತ್ತದೆ.

ಈ ಬೆಳಿಗ್ಗೆ ಎರಡನೇ ಬುಟ್ಟಿಯ ಒಗ್ಗರಣೆ ಆಗಿದೆ. ಮುದುಕಮ್ಮ ಜಗಿದು, “ಸಾಕು ಬೇ,” ಎಂದು ಅತ್ತ ಹೊರಳಿದ್ದಾರೆ. ಅಖ್ತರಬೇಗಂ ಉಪ್ಪಿನ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಕೂಲಿ ಹೆಂಗಸರ ಟಂಟಂ ಬಂದು ನಿಲ್ಲುತ್ತದೆ. ಹತ್ತು ಕೈಗಳು ಒಮ್ಮೆಲೇ ತಟ್ಟೆ ಕೇಳುತ್ತವೆ. ಒಬ್ಬಳಿಗೆ ಎರಡು ಮಿರ್ಚಿ, ಇನ್ನೊಬ್ಬಳಿಗೆ ಕಟ್ಟಿ ಕೊಡಬೇಕು. ಅವರಿಗೆ ಉತ್ತರ ಕೊಡುತ್ತ ಅಖ್ತರಬೇಗಂ ಡಬ್ಬಿಯನ್ನು ಮರೆತು ನಿಂತಿದ್ದಾರೆ.

ಗೋಡೆಯ ಕಡೆ ಮುಖ ಮಾಡಿ ಕೂತಲ್ಲಿಂದಲೇ ಮುದುಕಮ್ಮನ ದನಿ ಬರುತ್ತದೆ.

“ಉಪ್ಪು ಇನ್ನೂ ಹಾಕಿಲ್ಲೇನ ಬೇ? ಈ ಕಡೆ ತಿರುಗಿ ತಿರುಗಿ ನನ್ನ ಕುತ್ತಿಗಿ ನೋಯಾಕತ್ತೈತಿ.”