ನೋಡಲು ತೆಗೆದುಕೊಂಡ ಹಿಡಿ ಗೂಡು

ಚಿಂತಾಮಣಿಯಿಂದ ಹೊರಟ ಬಸ್ಸು ಶಿಡ್ಲಘಟ್ಟದ ಹತ್ತಿರ ಬಂದಿತೆಂದು ತಿಳಿಯಲು ಕಿಟಕಿಯಾಚೆ ನೋಡಬೇಕಾಗಿಲ್ಲ. ನೂಲು ತೆಗೆಯುವ ಮನೆಗಳಿಂದ ಬೆಂದ ರೇಷ್ಮೆಹುಳುವಿನ ವಾಸನೆ ತಾನಾಗಿ ಒಳಗೆ ಬರುತ್ತದೆ. ಮೊನ್ನೆ ಪಕ್ಕದ ಹುಡುಗಿ ಮೂಗಿಗೆ ದುಪಟ್ಟಾ ಒತ್ತಿಕೊಂಡಳು. ನಾನು ಮಾತ್ರ ನಾಚಿಕೆಯಿಲ್ಲದೆ ಉಸಿರು ತುಂಬ ಎಳೆದುಕೊಂಡೆ. ನನ್ನ ಕಾಲೇಜಿನ ಶುಲ್ಕಕ್ಕೆ ಇದೇ ವಾಸನೆಯಿತ್ತು. ಅದರ ಜೊತೆಗೇ ನರಸಮ್ಮನ ನೆನಪೂ ಬಂತು.

ನನ್ನ ಸೋದರತ್ತೆ ಕೆಂಚಾರ್ಲಹಳ್ಳಿಯವರು. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ತರುವವರು; ನನ್ನ ಶುಲ್ಕ ಕಟ್ಟುತ್ತಿದ್ದುದೂ ಆ ಹಣದಲ್ಲೇ. ಕಾನೂನು ಓದುತ್ತಿದ್ದ ವರ್ಷಗಳಲ್ಲಿ ನಾನೂ ಸಹಾಯಕ್ಕೆಂದು ಹೋಗುತ್ತಿದ್ದೆ. ನನ್ನ ಸಹಾಯವೆಂದರೆ ಖಾಲಿ ಚೀಲದ ಮೇಲೆ ಕೂತು ದಂಡಸಂಹಿತೆ ಓದುವುದು. ಅಲ್ಲಿನ ಒಂದು ವಾಡಿಕೆಯನ್ನು ನಿಮಗೆ ಹೇಳಬೇಕು. ಅತ್ತೆ ಅಗಲವಾದ ಜಾಲರಿ ತಟ್ಟೆಗೆ ಗೂಡು ಸುರಿದೊಡನೆ ಕೊಳ್ಳುವವರು, ಅಂದರೆ ನೂಲು ತೆಗೆಸುವ ರೀಲರುಗಳು, ಒಬ್ಬೊಬ್ಬರಾಗಿ ಬಂದು ಕೈ ಹಾಕುತ್ತಾರೆ. ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದು ಕೇಳುತ್ತಾರೆ, ಇನ್ನೊಂದನ್ನು ಬೆರಳಲ್ಲಿ ಒತ್ತುತ್ತಾರೆ. ಒಂದಿಷ್ಟು ನೆಲಕ್ಕೆ ಉದುರುತ್ತದೆ. ಒಂದು ಹಿಡಿ ಅವರ ಜೇಬಿಗೆ ಹೋಗುತ್ತದೆ. ಕೊಂಡರೂ ಸರಿ, ಕೊಳ್ಳದಿದ್ದರೂ ಸರಿ, ಹೋದ ಹಿಡಿ ತಿರುಗಿ ಬರುವುದಿಲ್ಲ. "ನೋಡೋಕೆ ತಗೊಂಡ್ರು" ಎಂದು ಅದಕ್ಕೆ ಹೆಸರು.

ಕಳ್ಳ ಎಂಬ ಪದವನ್ನು ಧಾರಾಳವಾಗಿ ಖರ್ಚು ಮಾಡುವ ಭಾಷೆ ನಮ್ಮದು. ಮೈ ಬಗ್ಗಿಸದವನು ಮೈಗಳ್ಳ, ಹಾಲು ಕುಡಿದ ಬೆಕ್ಕು ಕಳ್ಳಬೆಕ್ಕು, ಎತ್ತಿಕೊಂಡೊಡನೆ ಅಳು ನಿಲ್ಲಿಸಿದ ಕೂಸೂ ಕಳ್ಳನೇ. ಆದರೆ ಇಸ್ತ್ರಿ ಅಂಗಿಯ ಜೇಬು ಉಬ್ಬಿದಾಗ ಅದೇ ಭಾಷೆಗೆ ಬಾಯಿ ಕಟ್ಟುತ್ತದೆ. ಕಾನೂನು ಅಷ್ಟು ಧಾರಾಳಿಯಲ್ಲ: ಚರ ಸ್ವತ್ತು, ಇನ್ನೊಬ್ಬರ ಸ್ವಾಧೀನ, ಅವರ ಸಮ್ಮತಿಯಿಲ್ಲದಿರುವುದು, ಅಪ್ರಾಮಾಣಿಕ ಉದ್ದೇಶ, ಇದ್ದ ಜಾಗದಿಂದ ಕದಲಿಸುವುದು, ಇಷ್ಟು ಕೂಡಿದರೆ ಕಳವು. ಅಂಗಿಯ ಇಸ್ತ್ರಿಯನ್ನು ಅದು ವಿಚಾರಿಸುವುದಿಲ್ಲ. ತೀರ ಅಲ್ಪವಾದ ಹಾನಿಯನ್ನು ಅಪರಾಧವೆಂದು ಎಣಿಸಬಾರದೆಂದೂ ಅದೇ ಪುಸ್ತಕ ಹೇಳುತ್ತದೆ. ಯಾರ ಹಿಡಿ ಅಲ್ಪ, ಯಾರದು ಅಲ್ಲ ಎಂದು ಅಳೆಯುವವರು ಮಾತ್ರ ಮಾರುಕಟ್ಟೆ ಬಾಗಿಲ ಕಾವಲುಗಾರರು.

ನರಸಮ್ಮ ಹೀಗೆ ನೆಲಕ್ಕೆ ಉದುರಿದ ಗೂಡನ್ನು ಆಯ್ದು, ಮಾರಿ ಬದುಕುತ್ತಿದ್ದ ಹೆಂಗಸು. ಒಂದು ದಿನ ಕಾವಲುಗಾರ ಅವಳ ಸೆರಗಿನ ಗಂಟು ಹಿಡಿದು ನಮ್ಮ ಜಾಲರಿಯ ಬಳಿಗೆ ಕರೆತಂದ.

"ಅಕ್ಕ, ಇವು ನಿಮ್ಮ ಗೂಡಾ ನೋಡಿ. ಹೂಂ ಅನ್ನಿ ಸಾಕು, ಈ ಕಳ್ಳೀನ ಇನ್ಮೇಲೆ ಒಳಕ್ಕೇ ಬಿಡಲ್ಲ."

"ಕಳ್ಳಿ ಅನ್ಬೇಡಪ್ಪ," ಎಂದಳು ನರಸಮ್ಮ. "ನಿನ್ನ ಮದ್ವೇಲಿ ಅಕ್ಷತೆ ಹಾಕಿದೀನಿ ನಾನು."

ಅತ್ತೆ ಗಂಟನ್ನು ಬಗ್ಗಿ ನೋಡಿದರು. ಗೂಡು ನಮ್ಮದೇ: ಆ ದಿನ ಸಾಲಿನಲ್ಲಿ ಉಳಿದವರದೆಲ್ಲ ಹಳದಿ, ಬಿಳಿ ಗೂಡು ತಂದವರು ನಾವೊಬ್ಬರೇ. ಅವರು ಹೂಂ ಅಂದರೆ ನರಸಮ್ಮನ ಅನ್ನ ಹೋಗುತ್ತಿತ್ತು.

"ನಮ್ಮವಲ್ಲ," ಎಂದರು ಅತ್ತೆ.

"ಯಾರವು ಮತ್ತೆ? ಎವರಿವಿ?" ಸಿಟ್ಟಿನಲ್ಲಿ ಅವನು ತೆಲುಗಿಗೆ ಇಳಿದ.

"ನೆಲದ್ದು ಕಣಪ್ಪ. ಹೋಗಿ ನೆಲದ ಹತ್ರ ಹೇಳಿಕೆ ಬರೆಸ್ಕೊ."

ಅವನು ಗಂಟು ಬಿಟ್ಟ. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ವಾಪಸಾಗುವಾಗ ಬಸ್ಸಿನಲ್ಲಿ ಕೇಳಿದೆ: "ಸುಳ್ಳು ಯಾಕತ್ತೆ ಹೇಳಿದ್ರಿ? ಇವೂ ನಮ್ಮವೇ, ಆ ಜೇಬುಗಳಲ್ಲಿರೋವೂ ನಮ್ಮವೇ, ಎಲ್ಲಾರ್ ಹೆಸ್ರೂ ಬರ್ಕೊ ಅನ್ಬೇಕಿತ್ತು."

"ಅಂದಿದ್ರೆ ಅವಳ ಹೆಸ್ರು ಬರ್ಕೊಂತಿದ್ದ. ಅವ್ರ ಹೆಸ್ರು ಬರೆಯೋವಾಗ ಪೆನ್ನಲ್ಲಿ ಇಂಕು ಮುಗ್ದೋಗ್ತಿತ್ತು. ಸುಮ್ನೆ ಕೂತ್ಕೊಳೇ."

ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ದಯೆಯಿಂದ ಹುಟ್ಟಿದ ಆ ಸುಳ್ಳು ನರಸಮ್ಮನನ್ನು ಉಳಿಸಿತು. ಉಬ್ಬಿದ ಜೇಬುಗಳನ್ನೂ ಅದೇ ಉಳಿಸಿತು. ಜವಾಬು ಕೇಳುವವರಿಲ್ಲದ ಕಳವಿಗೆ ವಾಡಿಕೆ ಎಂದು ಹೆಸರು ಬರುತ್ತದೆ ಎಂದು ನಾನು ಓದು ಮುಗಿಸಿದ ಮೇಲೆ ಕಾನೂನು ಅರಿವಿನ ಸಭೆಗಳಲ್ಲಿ ಹೇಳುತ್ತ ಬಂದೆ. ಚಪ್ಪಾಳೆಯೂ ಬಿತ್ತು. ಸಭೆಗಳಲ್ಲಿ ನಾನು ಮಾರಬೇಕಾದ ಗೂಡು ಇರಲಿಲ್ಲ.

ಮೊನ್ನೆ ಬಸ್ಸಿಳಿದು ಮಾರುಕಟ್ಟೆಗೆ ಹೋದಾಗ ಅತ್ತೆ ಆಗಲೇ ಗೂಡು ಸುರಿದು ಕಾಯುತ್ತಿದ್ದರು. ಈಗ ಹರಾಜು ಮೊಬೈಲಿನಲ್ಲಿ ನಡೆಯುತ್ತದೆ; ಕೈ ಹಾಕುವುದು ಹಾಗೇ ಇದೆ. ರೀಲರೊಬ್ಬರು ಹಿಡಿ ತುಂಬಿಕೊಂಡು ತಿರುಗಿದರು.

"ಅಣ್ಣ, ನೋಡಾದ್ಮೇಲೆ ವಾಪಸ್ ಹಾಕಿ," ಎಂದೆ.

ಅವರು ನಕ್ಕು ಅತ್ತೆಯನ್ನು ಕೇಳಿದರು: "ಯಾರಮ್ಮ ಇವಳು, ಪೊಲೀಸಾ?"

ಅತ್ತೆ ನನ್ನ ಮುಖ ನೋಡಿದರು, ಗೂಡಿನ ರಾಶಿ ನೋಡಿದರು. "ನಮ್ಮಣ್ಣನ ಮಗಳು. ಹಾಕಪ್ಪ, ಕೇಳ್ತಾ ಇದಾಳಲ್ಲ."

ಹಿಡಿ ಜಾಲರಿಗೆ ಬಿತ್ತು. ಅವರು ಮೊಬೈಲಿನಲ್ಲಿ ಬೆಲೆ ಒತ್ತದೆ ಮುಂದಿನ ರಾಶಿಗೆ ನಡೆದರು. ಹಿಂದಿದ್ದವರೂ ಅವರ ಹಿಂದೆಯೇ ಹೋದರು. ಹೊತ್ತೇರಿದಷ್ಟೂ ಗೂಡು ಒಣಗಿ ತೂಕ ಇಳಿಯುತ್ತದೆ. ಕೊಳ್ಳುವವರು ಯಾರನ್ನಾದರೂ ಕರೆತರೋಣವೆಂದು ಎದ್ದೆ. ಅತ್ತೆ ಕೈ ಹಿಡಿದು ಕೂರಿಸಿದರು.

"ಎಲ್ಲಿಗೋಗ್ತೀಯ? ಇನ್ನೊಬ್ರು ಬರೋವರ್ಗೂ ಇಬ್ರೂ ಇಲ್ಲೇ ಕೂರಣ. ಬಂದ್ರೆ ಅವ್ರಿಗೂ ನೀನೇ ಹೇಳ್ಬೇಕು."

ಬಹಳ ಹೊತ್ತಿನ ಮೇಲೆ ಸಾಲಿನ ತುದಿಯಿಂದ ರೀಲರೊಬ್ಬರು ನಮ್ಮ ಕಡೆ ಬರತೊಡಗಿದರು. ನಾನು ಗಂಟಲು ಸರಿಪಡಿಸಿಕೊಂಡೆ.