ಹನ್ನೆರಡು ಹೆಜ್ಜೆ, ಒಂದು ಚೂರಿ

ಬಂದೂಕು ಹಿಡಿದವನ ಮುಂದೆ ಚೂರಿ ಹಿಡಿದವನು ಗೆಲ್ಲುತ್ತಾನೆಯೇ? ಈ ಪ್ರಶ್ನೆಯನ್ನು ಆಪರೇಟರ್ ಎದುರಿಗೆ ಎತ್ತಿದಿರೋ, ಆ ದಿನದ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ದೊಡ್ಡಾಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಇಪ್ಪತ್ತಾರು ವರ್ಷದಿಂದ ಕೂತವನು ಅವನು. ಹುಟ್ಟಿನಿಂದ ಕಣ್ಣು ಕಾಣದು. ಬಂದೂಕನ್ನು ಮುಟ್ಟಿದವನಲ್ಲ, ಚೂರಿಯಲ್ಲಿ ಈರುಳ್ಳಿ ಬಿಟ್ಟು ಬೇರೇನೂ ಕೊಯ್ದವನಲ್ಲ. ಆದರೂ ಚೂರಿಯೇ ಮೇಲು ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೀವು ಕಂಡಿರಬಹುದು. ಇವನ ಮೊಲಕ್ಕೆ ಎರಡೇ ಕಾಲು.

ಅವನ ಕೋಣೆ ಹೊರರೋಗಿಗಳ ವಿಭಾಗದ ಮೆಟ್ಟಿಲ ಕೆಳಗೆ. ಒಂದು ಬೋರ್ಡು, ಕಿವಿಗೆ ಹೆಡ್‌ಫೋನು, ಕಿರುಗುಟ್ಟುವ ತಿರುಗು ಕುರ್ಚಿ. ಕಿಟಕಿ ಇಲ್ಲ, ಅವನಿಗೆ ಬೇಕಾಗಿಯೂ ಇಲ್ಲ. ನಾನೂರು ಚಿಲ್ಲರೆ ಒಳನಂಬರುಗಳು ನಾಲಿಗೆ ತುದಿಯಲ್ಲಿ. ಸುಳ್ಳನ್ನಂತೂ ತಂತಿಯಲ್ಲಿ ಬರುವಾಗಲೇ ಹಿಡಿಯುತ್ತಿದ್ದ. "ಡಾಕ್ಟರು ರೌಂಡ್ಸಲ್ಲಿದಾರೆ" ಅನ್ನುವ ಮುಂಚೆ ವಾರ್ಡಿನವರು ಅರ್ಧ ಉಸಿರು ತಡ ಮಾಡಿದರೆ, ಡಾಕ್ಟರು ಕ್ಯಾಂಟೀನಿನಲ್ಲಿದ್ದಾರೆ ಎಂದು ಅರ್ಥ. "ನಿಜ ತಾನಾಗೇ ಬಾಯಿಗೆ ಬರುತ್ತೆ. ಸುಳ್ಳನ್ನ ಹುಡುಕಬೇಕು, ಅದಕ್ಕೇ ತಡ," ಎನ್ನುತ್ತಿದ್ದ. ಹಾಗೆಂದು ಫೋನನ್ನು ನೇರ ಕ್ಯಾಂಟೀನಿಗೇ ತಿರುಗಿಸಿ ಡಾಕ್ಟರ ಕೈಲಿ ಬೈಸಿಕೊಂಡದ್ದೂ ಉಂಟು.

ಅವನನ್ನು ಆಟಕ್ಕೆ ಎಳೆದುಕೊಂಡು ಹೋದವನು ಆಂಬುಲೆನ್ಸ್ ಡ್ರೈವರ್, ಹಳೆಯ ಗೆಳೆಯ. ಭಾನುವಾರ ಮಧ್ಯಾಹ್ನ ಆಸ್ಪತ್ರೆ ಎದುರಿನ ಔಷಧಿ ಅಂಗಡಿ ಮುಚ್ಚಿದ ಮೇಲೆ, ಅದರ ಹಿಂಬದಿ ಕೋಣೆಯಲ್ಲಿ ಸಲೈನ್ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ಒತ್ತರಿಸಿ ನಡುವೆ ಒಂದು ಮೇಜು ಹಾಕುತ್ತಿದ್ದರು. ಅಂಗಡಿಯ ಒಡತಿಯನ್ನು ಎಲ್ಲರೂ ಅಕ್ಕ ಅನ್ನುತ್ತಾರೆ. ಕಥೆ ಕಟ್ಟುವವಳು ಅವಳೇ: ಈಗಿನ ಕಾಲದ ಒಂದು ಊರು, ಬಂದರು, ಕಳ್ಳಸಾಗಣೆಯವರ ಗುಂಪು. ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಇಳಿಯಬೇಕು. "ಬಾಗಿಲು ಒದೀತೀನಿ" ಎಂದು ಬಾಯಲ್ಲಿ ಹೇಳಿದರೆ ಸಾಕು. ಮುರಿದದ್ದು ಬಾಗಿಲೋ ಕಾಲೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದೊಡ್ಡ ಅಂಕಿ ಬಿದ್ದರೆ ಬಚಾವು.

ಇನ್ನೊಬ್ಬಳು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಆಸ್ಪತ್ರೆಯಲ್ಲಿ ಅವಳದು ಸೂಜಿ, ಆಟದಲ್ಲಿ ಬಂದೂಕು, ಎರಡರಲ್ಲೂ ಗುರಿ ತಪ್ಪುವವಳಲ್ಲ. ಬಾಯಿಯಂತೂ ಎರಡಕ್ಕಿಂತ ಚುರುಕು.

ಆಟದ ನಿಯಮ ಚೂರಿಯವನ ಪರವಾಗಿಲ್ಲ. ಬಂದೂಕಿನವನು ನಿಂತಲ್ಲೇ ನಿಂತು ಹೊಡೆಯಬಹುದು. ಚೂರಿಯವನು ಅವನನ್ನು ಮುಟ್ಟಬೇಕಾದರೆ ಹನ್ನೆರಡು ಹೆಜ್ಜೆ ಓಡಬೇಕು, ಅಷ್ಟರಲ್ಲಿ ಎರಡು ಗುಂಡು ಬರುತ್ತವೆ. ಒಂದೊಂದು ಗುಂಡಿಗೂ ದಾಳ ಎಸೆದು ಹದಿನಾಲ್ಕೋ ಅದಕ್ಕಿಂತ ಹೆಚ್ಚೋ ಬೀಳಿಸಿಕೊಂಡರೆ ತಪ್ಪಿಸಿಕೊಂಡ ಹಾಗೆ. ಎರಡೂ ತಗುಲಿದರೆ ಸತ್ತ ಹಾಗೆ. ಬುದ್ಧಿ ಇದ್ದವರು ಕಂಬದ ಹಿಂದೆ ಅಡಗಿ ಗುಂಡು ಹೊಡೆಯುತ್ತಾರೆ. ಆಪರೇಟರ್ ನಾಲ್ಕು ವರ್ಷ ಬರೀ ಚೂರಿ ಹಿಡಿದು ನುಗ್ಗಿದ. ಅವನ ದಾಳದ ಅಂಕಿಯನ್ನು ಪಕ್ಕದ ಕುರ್ಚಿಯ ಡ್ರೈವರ್ ಓದಿ ಹೇಳುತ್ತಿದ್ದ. ಹದಿನಾರು, ಹತ್ತೊಂಬತ್ತು, ಹದಿನೈದು. ಆಗೊಮ್ಮೆ ಈಗೊಮ್ಮೆ ಒಂದು ಗುಂಡು ಭುಜ ಸವರಿಕೊಂಡು ಹೋಗುತ್ತಿತ್ತು, ಅಷ್ಟೇ.

"ಅಣ್ಣ, ಹನ್ನೆರಡು ಹೆಜ್ಜೆ ಅಂದ್ರೆ ಕಡಿಮೆ ಅಲ್ಲ. ಅವನ ಕೈಲಿರೋದು ಬಂದೂಕು, ಪೀಪಿ ಅಲ್ಲ," ಎಂದು ಲ್ಯಾಬಿನವಳು ಶುರು ಮಾಡುತ್ತಿದ್ದಳು.

"ಬಂದೂಕಿನವನಿಗೆ ದೂರ ಬೇಕಮ್ಮ. ಹತ್ತಿರ ಹೋದ್ರೆ ಅವನ ಕೈ ನಡುಗುತ್ತೆ. ನನಗೆ ದೂರ ಅನ್ನೋದೇ ಇಲ್ಲ, ಕೈಗೆ ಸಿಕ್ಕಿದ್ದೇ ಲೋಕ. ಅದಕ್ಕೇ ನಾನು ನಿಲ್ಲಲ್ಲ, ಹೋಗ್ತೀನಿ. ಬೇರೆ ಮಾತ್ಯಾಕೆ, ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಸತ್ತಿದೀನಾ?"

ಅಲ್ಲಿಗೆ ಅವಳು ಸುಮ್ಮನಾಗುತ್ತಿದ್ದಳು. ಯಾರಿಗೂ ಸೋಲದ ಬಾಯಿ ತನ್ನೆದುರು ಸೋಲುವುದನ್ನು ಕೇಳಿ ಆಪರೇಟರ್ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ.

ಈ ಹಿಗ್ಗು ಮೇಜಿನ ಮೇಲೇ ಉಳಿಯಲಿಲ್ಲ. ಅವನದು ತಮ್ಮ, ನಾದಿನಿಯ ಜೊತೆಗಿನ ಸಂಸಾರ. ದಿನಾ ತಮ್ಮನೇ ಸ್ಕೂಟರಿನಲ್ಲಿ ಆಸ್ಪತ್ರೆಗೆ ಬಿಡುತ್ತಿದ್ದ. ಆಟ ಶುರುವಾಗಿ ವರ್ಷ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಇವನು, "ನಾಳೆಯಿಂದ ನಾನೊಬ್ಬನೇ ನಡ್ಕೊಂಡು ಹೋಗ್ತೀನಿ," ಎಂದ.

"ತಲೆ ಕೆಟ್ಟಿದ್ಯಾ ಅಣ್ಣ? ಮಧ್ಯ ಎರಡು ದೊಡ್ಡ ರಸ್ತೆ ಇದೆ."

"ಇರಲಿ ಬಿಡೋ."

ಗುಂಡಿನ ಮಳೆಯಲ್ಲಿ ಓಡುವವನಿಗೆ ಎರಡು ರಸ್ತೆ ದಾಟಲು ಏನು ದಾಡಿ ಎಂಬುದು ಅವನ ಮನಸ್ಸಿನಲ್ಲಿದ್ದ ಲೆಕ್ಕ. ಮಡಚುವ ಕೋಲು ಹಿಡಿದು, ಒಂಬೈನೂರ ಮೂವತ್ತು ಹೆಜ್ಜೆ ಎಣಿಸಿಕೊಂಡು ಹೊರಟ. ಮೂರನೆಯ ದಿನ ಎರಡನೆಯ ರಸ್ತೆಯಲ್ಲಿ ಅವನ ಬೆನ್ನ ಹಿಂದೆಯೇ ಲಾರಿಯೊಂದು ಕಿರ್ರೆಂದು ಬ್ರೇಕ್ ಹಾಕಿತು. "ಏಯ್, ಕಣ್ಣು ಕಾಣಲ್ವಾ?" ಎಂದು ಚಾಲಕ ಅರಚಿದ. ಅಂದು ಬೋರ್ಡಿನ ಮುಂದೆ ಕೂತರೂ ಅವನ ಕಿವಿಯಲ್ಲಿ ಆ ಬ್ರೇಕಿನ ಸದ್ದೇ ಇತ್ತು. ಹೆರಿಗೆ ವಾರ್ಡಿನ ಕರೆಯನ್ನು ಶವಾಗಾರಕ್ಕೆ ಕೊಟ್ಟು ದೊಡ್ಡ ರಂಪವಾಯಿತು. ಕೂದಲೆಳೆಯಲ್ಲಿ ಉಳಿದೆನಲ್ಲ ಎಂಬ ಭಯಕ್ಕಿಂತ, ಲಾರಿಯವನು ಕೇಳಿದ್ದು ನಿಜವೇ ಅಲ್ಲವೇ ಎಂಬ ಅವಮಾನ ಹೆಚ್ಚು ಕೊರೆಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಸ್ಕೂಟರಿನ ಹಿಂದಿನ ಸೀಟೇ ಗತಿ. ಮರುದಿನ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದು, ಚೂರಿಯವನು ನಿಲ್ಲುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಹೊರಟ. ಆಮೇಲೆ ಮೂರು ವರ್ಷ ದಿನವೂ ನಡೆದ. ತಾನಾಗಿ ದುಡಿದ ಸ್ವತ್ತು ಅಂತ ಅವನಿಗೆ ಇದ್ದದ್ದು ಅದೊಂದೇ.

ಇನ್ನು ಆ ದಾಳದ ವಿಷಯ. ಪ್ರತಿ ಸಲ ಬಗ್ಗಿ ಅಂಕಿ ಓದಿ ಹೇಳುವ ಕೆಲಸ ಡ್ರೈವರ್‌ಗೆ ಯಾಕೆ ಎಂದು ಆಪರೇಟರ್‌ಗೆ ಮುಜುಗರ. ಹಲ್ಲಿನ ವಿಭಾಗದಲ್ಲಿ ಕಟ್ಟುಹಲ್ಲು ಮಾಡುವವನಿಗೆ ಹೇಳಿ, ಅದೇ ಹಲ್ಲಿನ ಸಾಮಾನಿನಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ದಾಳ ಮಾಡಿಸಿದ. ಪ್ರತಿ ಮುಖದಲ್ಲೂ ಕೆತ್ತಿದ ಅಂಕಿ, ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಬ್ರೈಲ್ ಚುಕ್ಕೆಗಳು. ಶನಿವಾರ ಹಲ್ಲು ಕಟ್ಟುವವನೂ ಇವನೂ ಕೂತು ಇಪ್ಪತ್ತು ಮುಖವನ್ನೂ ತಾಳೆ ನೋಡಿದರು. ಮೇಜಿನ ಮೇಲೆ ಇದ್ದಕ್ಕಿದ್ದಂತೆ ತಾನೇ ಓದಿ ಎಲ್ಲರನ್ನೂ ಬೆಚ್ಚಿಬೀಳಿಸಬೇಕೆಂದು ಚುಕ್ಕೆಗಳ ಗುಟ್ಟನ್ನು ಆಪರೇಟರ್ ಯಾರಿಗೂ ಬಿಟ್ಟುಕೊಡಲಿಲ್ಲ.

ಭಾನುವಾರ ಅಕ್ಕ ಚೂರಿಯವನನ್ನು ಬಂದರಿನ ಗೋದಾಮಿನೊಳಗೆ ತಂದು ನಿಲ್ಲಿಸಿದಳು. "ಆ ತುದಿಯಲ್ಲಿ ಬಂದೂಕು ಹಿಡ್ಕೊಂಡು ನಿಂತಿದಾನೆ. ಹನ್ನೆರಡು ಹೆಜ್ಜೆ. ಏನ್ ಮಾಡ್ತೀಯಪ್ಪ?"

"ಕೇಳ್ಬೇಕಾ ಅಕ್ಕ? ನುಗ್ತೀನಿ." ಆಪರೇಟರ್ ಜೇಬಿನಿಂದ ಹೊಸ ದಾಳ ತೆಗೆದು ಉರುಳಿಸಿದ.

"ಇದೇನೋ ಇದು, ಹೊಸದಾ?" ಎಂದ ಡ್ರೈವರ್.

"ಹೂಂ. ಎಷ್ಟು ಬಿತ್ತು ಹೇಳು."

ದಾಳ ನಿಂತಿತು. ಒಂದು ಚಿಕ್ಕ ತಡ. "ಹದಿನೇಳು."

ಆಪರೇಟರ್ ನಗುತ್ತಲೇ ಬೆರಳು ಚಾಚಿ ಮೇಲಿನ ಮುಖ ಮುಟ್ಟಿದ. ಮೂರು. ಇನ್ನೊಮ್ಮೆ ಮುಟ್ಟಿದ, ಮೂರೇ. ಎರಡನೆಯ ಗುಂಡಿಗೆ ದಾಳ ಎಸೆದ. ಮತ್ತೆ ಅದೇ ತಡ. "ಹದಿನೈದು," ಎಂದ ಡ್ರೈವರ್. ಬೆರಳಿಗೆ ಸಿಕ್ಕಿದ್ದು ಆರು.

ಆ ತಡ ಅವನ ಕಿವಿಗೆ ನಾಲ್ಕು ವರ್ಷದಿಂದ ಬೀಳುತ್ತಲೇ ಇತ್ತು. ಬೇರೆಯವರ ದಾಳಕ್ಕೆ ಅಂಕಿ ಥಟ್ಟನೆ ಬರುತ್ತಿತ್ತು, ತನ್ನದಕ್ಕೆ ಮಾತ್ರ ಅರ್ಧ ಉಸಿರು ನಿಧಾನ. ಗೆಳೆಯ ತನಗಾಗಿ ಉಸಿರು ಬಿಗಿಹಿಡಿದಿದ್ದಾನೆ ಎಂದುಕೊಂಡಿದ್ದ. ಆಸ್ಪತ್ರೆಯ ಸುಳ್ಳನ್ನೆಲ್ಲ ಹಿಡಿದವನಿಗೆ ಪಕ್ಕದ ಕುರ್ಚಿಯ ಸುಳ್ಳು ಸಿಕ್ಕಿರಲಿಲ್ಲ. ಸಿಗುವುದು ಬೇಕಾಗಿರಲಿಲ್ಲ ಅಂದರೂ ಸರಿಯೇ, ನಾವು ನೀವು ಮಾಡುವುದೂ ಅದನ್ನೇ.

"ಮೊದಲನೇದು ಮೂರು, ಎರಡನೇದು ಆರು. ಇದರಲ್ಲಿ ಚುಕ್ಕೆ ಇದೆ, ನಾನು ಓದಬಲ್ಲೆ," ಎಂದ ಆಪರೇಟರ್.

ಪಕ್ಕದಲ್ಲಿ ಡ್ರೈವರ್ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

"ಎಷ್ಟು ಸಲ ಸತ್ತಿದೀನಿ?"

"ಮೊದಲನೇ ದಿನವೇ ಸತ್ತಿದ್ದೆ ತಮ್ಮ," ಎಂದಳು ಅಕ್ಕ. "ಒಂದು ಗುಂಡು ಆಗಲೇ ತಗುಲಿತ್ತು, ಎರಡನೇದಕ್ಕೆ ದಾಳದಲ್ಲಿ ಬರೀ ಎರಡು ಬಿತ್ತು. ನೀನು ಓಡೋದನ್ನ ಹೇಳ್ತಾ ಹೇಳ್ತಾ ಅಷ್ಟು ಖುಷಿಯಲ್ಲಿದ್ದೆ, ಇವನ ಬಾಯಲ್ಲಿ ಹತ್ತೊಂಬತ್ತು ಅಂತ ಬಂದುಬಿಡ್ತು. ನಾನೂ ಸುಮ್ಮನಾದೆ. ಆಮೇಲೆ ಹಿಂದೆ ತಗೊಳ್ಳೋಕೆ ಯಾರಿಗೂ ಧೈರ್ಯ ಬರಲಿಲ್ಲ."

"ನಿನಗೂ ಗೊತ್ತಿತ್ತೇನಮ್ಮ?"

"ಗೊತ್ತಿತ್ತಣ್ಣ," ಎಂದ ಲ್ಯಾಬಿನವಳ ದನಿ ಅಳುವಿನಲ್ಲಿ ಒದ್ದೆಯಾಗಿತ್ತು.

"ಮತ್ತೆ ನನ್ನ ಜೊತೆ ಆ ಪಾಟಿ ವಾದ ಯಾಕೆ ಮಾಡ್ತಿದ್ದೆ?"

"ಮಾಡದೆ ಇದ್ದಿದ್ರೆ ನಿಮಗೆ ಅನುಮಾನ ಬರ್ತಿತ್ತು."

ಬೇರೆ ದಿನವಾಗಿದ್ದರೆ ಆಪರೇಟರ್ ಇದಕ್ಕೆ ಬಿದ್ದು ಬಿದ್ದು ನಗುತ್ತಿದ್ದ. ಈಗ ಮೈಯೆಲ್ಲ ಬಿಸಿಯಾಗಿತ್ತು. ಮಗುವಿನ ಜೊತೆ ಓಡುವಾಗ ದೊಡ್ಡವರು ಬೇಕೆಂದೇ ಹಿಂದೆ ಬೀಳುತ್ತಾರಲ್ಲ, ಹಾಗೆ ಮೂವರು ಸೇರಿ ತನ್ನನ್ನು ಆಡಿಸಿದ್ದಾರೆ. ನಾಚಿಕೆಯಾಯಿತು, ಸಿಟ್ಟು ಬಂತು, ಅವೆರಡರ ಹಿಂದಿನಿಂದ ಇನ್ನೂ ಕೆಟ್ಟದ್ದೊಂದು ಯೋಚನೆ ಬಂತು. ದಾಳ ಸುಳ್ಳಾದರೆ ರಸ್ತೆ? ಆ ಒಂಬೈನೂರ ಮೂವತ್ತು ಹೆಜ್ಜೆ ತನ್ನವೇ ಹೌದೇ?

ಆದರೆ ಅರ್ಧ ಆಟದಲ್ಲಿ ಎದ್ದು ಹೋಗುವವನಲ್ಲ ಅವನು. "ಅಕ್ಕ, ಎರಡೂ ಗುಂಡು ತಗುಲಿದೆ. ನಿಯಮ ಏನಿದೆಯೋ ಅದನ್ನ ಮಾಡಿ."

ಅಕ್ಕ ಕಥೆ ಮುಂದುವರಿಸಿದಳು. ಐದನೆಯ ಹೆಜ್ಜೆಗೆ ಮೊದಲ ಗುಂಡು ತೊಡೆಗೆ ಬಿತ್ತು, ಆದರೂ ಚೂರಿಯವನು ಓಡಿದ. ಒಂಬತ್ತನೆಯದಕ್ಕೆ ಎರಡನೆಯದು ಎದೆಗೆ ಬಿತ್ತು. ಚೂರಿ ಕೈಯಿಂದ ಜಾರಿ ಗೋದಾಮಿನ ಸಿಮೆಂಟಿನ ಮೇಲೆ ಟಣ್ಣೆಂದಿತು, ಬಂದೂಕಿನವನ ಬೂಟಿಗೆ ಮೂರು ಹೆಜ್ಜೆ ಈಚೆಗೆ. ಅಕ್ಕ ಅಷ್ಟು ಹೇಳಿ ನಿಲ್ಲಿಸಿದಳು.

"ಬಂದೂಕೇ ಮೇಲು ಕಣಮ್ಮ, ಒಪ್ಕೊಂಡೆ," ಎಂದ ಆಪರೇಟರ್. ಲ್ಯಾಬಿನವಳು ನಾಲ್ಕು ವರ್ಷ ಕಾದ ಮಾತು ಅದು. ಅವಳು ಮೂಗೊರೆಸಿಕೊಂಡಳು, ಅಷ್ಟೇ.

ಆಮೇಲೆ ಅವನು ಡ್ರೈವರ್ ಕಡೆ ತಿರುಗಿ, ಬೋರ್ಡಿನ ಮುಂದೆ ಕೂತಂತೆ ಮೈಯೆಲ್ಲ ಕಿವಿಯಾಗಿ ಕೇಳಿದ. "ನಾನೊಬ್ಬನೇ ಆಸ್ಪತ್ರೆಗೆ ನಡ್ಕೊಂಡು ಬರ್ತೀನಲ್ಲ. ಅಲ್ಲೂ ಹಿಂದೆ ಯಾರಾದ್ರೂ ಬರ್ತಿದ್ರಾ?"

"ಮೂರು ದಿನ ಬಂದೆ," ಎಂದ ಡ್ರೈವರ್, ಪ್ರಶ್ನೆಯ ಬಾಲಕ್ಕೆ ಅಂಟಿದಂತೆ. "ನಿನ್ನ ತಮ್ಮ ಕೇಳ್ಕೊಂಡ. ಮೂರನೇ ದಿನ ನೀನು ಸಲೀಸಾಗಿ ದಾಟಿಬಿಟ್ಟೆ. ನಾನು ನಿನ್ನನ್ನೇ ನೋಡ್ತಾ ನಡುರಸ್ತೇಲಿ ನಿಂತುಬಿಟ್ಟಿದ್ದೆ. ಲಾರಿಯವನು ಬ್ರೇಕ್ ಹಾಕಿ, ಕಣ್ಣು ಕಾಣಲ್ವಾ ಅಂತ ಉಗಿದ. ಅವತ್ತೇ ಬಿಟ್ಟೆ. ಆಮೇಲೆ ಒಂದು ದಿನವೂ ಬಂದಿಲ್ಲ."

ಎಲ್ಲೂ ಅರ್ಧ ಉಸಿರಿನ ತಡವಿರಲಿಲ್ಲ. ಆ ಲಾರಿಯ ವಿಷಯ ಆಪರೇಟರ್ ಒಡಹುಟ್ಟಿದ ತಮ್ಮನಿಗೂ ಹೇಳಿರಲಿಲ್ಲ.

"ಆ ಬೈಗುಳ ನಿನಗಾ?"

"ಮತ್ತೆ ನಿನಗಾ? ನೀನು ಆಗಲೇ ಆಚೆ ಫುಟ್‌ಪಾತ್ ಮೇಲಿದ್ದೆ."

ಮೂರು ವರ್ಷ ಹೊತ್ತು ತಿರುಗಿದ ಬೈಗುಳ ತನ್ನದಲ್ಲವೆಂದು ತಿಳಿದಾಗ ನಗಬೇಕೋ ಅಳಬೇಕೋ ಗೊತ್ತಾಗದೆ ಆಪರೇಟರ್ ದಾಳವನ್ನು ಎತ್ತಿಕೊಂಡ. ಅದನ್ನು ಜೇಬಿಗೆ ಹಾಕಿದ. ಎದ್ದು ಕೋಲು ಬಿಚ್ಚಿದ.

"ಬಿಟ್ಟು ಬರ್ಲಾ?" ಎಂದ ಡ್ರೈವರ್, ಮೆಲ್ಲಗೆ.

"ಬೇಡ. ಭಾನುವಾರ ಬರ್ತೀನಿ, ಹೊಸ ಪಾತ್ರ ಮಾಡ್ಕೋಬೇಕು. ಇನ್ಮೇಲೆ ನನ್ನ ದಾಳ ನಾನೇ ಓದ್ತೀನಿ."

ಮನೆಯ ದಾರಿಯಲ್ಲಿ, ಲಾರಿ ಬ್ರೇಕ್ ಹಾಕಿದ್ದ ಆ ರಸ್ತೆಯ ಅಂಚಿಗೆ ಬಂದು ನಿಂತ. ಮೊದಲು ಬಲಕ್ಕೆ, ಎಡಕ್ಕೆ ಕಿವಿಗೊಟ್ಟ. ಆಮೇಲೆ, ಮೂರು ವರ್ಷದಲ್ಲಿ ಮೊದಲ ಸಲ, ಹಿಂದಕ್ಕೂ ಕಿವಿಗೊಟ್ಟ. ಯಾರ ಹೆಜ್ಜೆಯೂ ಇರಲಿಲ್ಲ. ಅವನು ರಸ್ತೆಗೆ ಇಳಿದು ದಾಟಿದ.